ಹಳ್ಳಿಮನೆಯಲ್ಲಿ ಆಕ್ಸಿಜನ್ ಮೆಷಿನ್: ವರ್ಷದ ಮೇಲೆ ಬಳಸಿ ಬರೆದದ್ದು

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳುತ್ತೇನೆ. ಅಮ್ಮನಿಗಾಗಿ ತಂದ 5 ಲೀಟರಿನ (ಅಂದರೆ ನಿಮಿಷಕ್ಕೆ 5 ಲೀಟರಿನವರೆಗೆ ಆಕ್ಸಿಜನ್ ಕೊಡುವ) ಆಕ್ಸಿಜನ್ ಕಾನ್ಸಂಟ್ರೇಟರ್ ಒಳ್ಳೆಯ ಮೆಷಿನ್. ವರ್ಷದ ಮೇಲಾಯಿತು, ದಿನಾ 15-16 ಗಂಟೆ ಓಡುತ್ತಿದೆ. ಆದರೆ ದುಡ್ಡು ಕೊಟ್ಟು ಮನೆಗೆ ತರುವುದು ಅರ್ಧ ಕೆಲಸ ಮಾತ್ರ. ಊರಿನ ಕರೆಂಟು ಹೇಗಿದೆ, ಕೆಟ್ಟರೆ ಯಾರು ಬರುತ್ತಾರೆ, ಎಷ್ಟು ಲೀಟರಿಗೆ ಇಡಬೇಕು ಅಂತ ಡಾಕ್ಟರು ಹೇಳಿದ್ದಾರೆ, ಇವು ಸರಿಯಿಲ್ಲದಿದ್ದರೆ ಎಷ್ಟು ದುಬಾರಿ ಮೆಷಿನ್ ತಂದರೂ ಪ್ರಯೋಜನವಿಲ್ಲ. ನಾವು ಕೊಳ್ಳುವಾಗ ಕನ್ನಡದಲ್ಲಿ ಹುಡುಕಿದರೆ ಬರೀ ಜಾಹೀರಾತು ಸಿಕ್ಕಿತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕಿಲ್ಲ. 5 ಲೀಟರಿನ ಮೆಷಿನ್‌ಗಳು ಕೆಲಸ ಮಾಡುವ ರೀತಿ ಹೆಚ್ಚುಕಮ್ಮಿ ಒಂದೇ, ಆದ್ದರಿಂದ ಇಲ್ಲಿನ ಮಾತು ಬಹುಪಾಲು ಎಲ್ಲಕ್ಕೂ ಹೊಂದುತ್ತದೆ.

ಅಮ್ಮನಿಗೆ ಇರುವುದು ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ, ಪೂರ್ತಿ ವಾಸಿಯಾಗದ ಶ್ವಾಸಕೋಶದ ಕಾಯಿಲೆ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆದರೆ ತಿಪಟೂರು ಸೀಮೆಯ ತೆಂಗಿನ ತೋಟದ ಮನೆಗಳಲ್ಲಿ ಒಲೆಗೆ ಉರುವಲು ಕೊಳ್ಳಬೇಕಾಗಿಯೇ ಇರಲಿಲ್ಲ. ಗರಿ, ಮಟ್ಟೆ, ಚಿಪ್ಪು ಎಲ್ಲವೂ ಒಲೆಗೇ ಹೋಗುತ್ತಿತ್ತು. ಕಿಟಕಿ ಇಲ್ಲದ ಅಡುಗೆಮನೆಯಲ್ಲಿ ಮದುವೆಯಾಗಿ ಬಂದ ದಿನದಿಂದ ಅಮ್ಮ ಆ ಹೊಗೆಯಲ್ಲೇ ಬೇಯಿಸಿದರು. ಗ್ಯಾಸ್ ಬಂದ ಮೇಲೂ ಸ್ನಾನದ ನೀರು ಹಂಡೆ ಒಲೆಯಲ್ಲೇ ಕಾಯುತ್ತಿತ್ತು. ಹಸಿ ಮಟ್ಟೆಯ ಹೊಗೆ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಸೌದೆ, ಬೆರಣಿ, ತೋಟದ ಕಸ ಸುಟ್ಟ ಹೊಗೆಯಿಂದ, ಒಂದು ದಿನವೂ ಸೇದದ ಹೆಂಗಸರಿಗೂ ಈ ಕಾಯಿಲೆ ಬರುತ್ತದೆ. ಡಾಕ್ಟರುಗಳಿಗೆ ಇದು ಚೆನ್ನಾಗಿ ಗೊತ್ತು. ಊರಿನಲ್ಲಿ ಮಾತ್ರ "ವಯಸ್ಸಾಯ್ತು, ಉಬ್ಬಸ ಇದ್ದದ್ದೇ" ಅಂತ ಸುಮ್ಮನಾಗುತ್ತಾರೆ. ಸ್ಪೈರೋಮೆಟ್ರಿ ಅಂತ ಒಂದು ಊದುವ ಪರೀಕ್ಷೆ ಇದೆ. ಅದನ್ನು ಮಾಡಿಸದೆ ವರ್ಷಗಟ್ಟಲೆ ಕೆಮ್ಮಿನ ಸಿರಪ್ ಕುಡಿಸುವ ಮನೆಗಳು ನಮ್ಮ ಬೀದಿಯಲ್ಲೇ ಇವೆ. ಇದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಏದುಸಿರು ಬರುವ ಎಲ್ಲರಿಗೂ ಈ ಮೆಷಿನ್ ಬೇಕಾಗಿಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ತುಮಕೂರಿನ ಡಾಕ್ಟರು ಅಮ್ಮನ ಮಣಿಕಟ್ಟಿನ ರಕ್ತನಾಳದಿಂದ ರಕ್ತ ತೆಗೆದು, ಅದರಲ್ಲಿ ಆಕ್ಸಿಜನ್ ಎಷ್ಟಿದೆ, ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ನೋಡಿದ ಮೇಲೆಯೇ ಬರೆದುಕೊಟ್ಟಿದ್ದು. ಕಾಯಿಲೆ ಜೋರಾಗಿಲ್ಲದ ಹೊತ್ತಿನಲ್ಲಿ, ಸುಮ್ನೆ ಕೂತಿರುವಾಗಲೂ ರಕ್ತದ ಆಕ್ಸಿಜನ್ ಒತ್ತಡ (ಪಾದರಸದ ಲೆಕ್ಕದಲ್ಲಿ) 55 ಮಿಲಿಮೀಟರ್ ಅಥವಾ ಅದಕ್ಕಿಂತ ಕಮ್ಮಿ ಇದ್ದರೆ, ಅಂದರೆ ಬೆರಳಿನ ಮೀಟರಿನಲ್ಲಿ (ಪಲ್ಸ್ ಆಕ್ಸಿಮೀಟರ್) ಹೆಚ್ಚುಕಮ್ಮಿ 88 ಅಥವಾ ಅದರ ಕೆಳಗೆ ತೋರಿಸುತ್ತಿದ್ದರೆ, ಮನೆಯಲ್ಲಿ ದಿನಕ್ಕೆ ಕನಿಷ್ಠ 15 ಗಂಟೆ ಆಕ್ಸಿಜನ್ ಕೊಡಬೇಕು ಅನ್ನುತ್ತಾರೆ. 1980 ಮತ್ತು 1981ರಲ್ಲಿ ಅಮೆರಿಕ, ಬ್ರಿಟನ್‌ಗಳಿಂದ ಬಂದ ಎರಡು ಅಧ್ಯಯನಗಳು ಇಂಥವರ ಆಯಸ್ಸು ಇದರಿಂದ ಹೆಚ್ಚುತ್ತದೆ ಅಂತ ತೋರಿಸಿದವು. 2016ರ ಇನ್ನೊಂದು ದೊಡ್ಡ ಅಧ್ಯಯನ, ಆಕ್ಸಿಜನ್ ಸ್ವಲ್ಪ ಮಾತ್ರ ಕಮ್ಮಿ ಇರುವವರಿಗೆ ಅಂಥ ಲಾಭ ಕಾಣಲಿಲ್ಲ ಅಂದಿತು. ಹಾಗಾಗಿ "ಅಪ್ಪನಿಗೆ ಮೆಟ್ಟಿಲು ಹತ್ತಿದರೆ ದಮ್ಮು ಕಟ್ಟುತ್ತೆ, ಒಂದು ಮೆಷಿನ್ ತಂದುಬಿಡೋಣ" ಅಂತ ಹೊರಡಬೇಡಿ. 40-50 ಸಾವಿರ ಸುಮ್ನೆ ಹೋಗುತ್ತದೆ.

ಈಗ ಮೆಷಿನ್ನಿನ ವಿಷಯ. ಇದು ಆಕ್ಸಿಜನ್ ತುಂಬಿಟ್ಟುಕೊಂಡ ಡಬ್ಬಿಯಲ್ಲ. ಕೋಣೆಯ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ನಮ್ಮ ಸುತ್ತಲಿನ ಗಾಳಿಯಲ್ಲಿ 78 ಭಾಗ ನೈಟ್ರೋಜನ್, 21 ಭಾಗ ಆಕ್ಸಿಜನ್ ಅಲ್ವಾ? ಒಳಗಿನ ಕಂಪ್ರೆಸರ್ ಆ ಗಾಳಿಯನ್ನು ಒತ್ತಿ, ಜಿಯೋಲೈಟ್ ಅನ್ನುವ ಹರಳು ತುಂಬಿದ ಸಿಲಿಂಡರಿನೊಳಗೆ ನುಗ್ಗಿಸುತ್ತದೆ. ಜಿಯೋಲೈಟ್ ನೈಟ್ರೋಜನ್ ಹಿಡಿದುಕೊಳ್ಳುತ್ತದೆ, ಆಕ್ಸಿಜನ್ ಮುಂದೆ ಹೋಗುತ್ತದೆ. ಇಂಥ ಎರಡು ಸಿಲಿಂಡರ್ ಇರುತ್ತವೆ. ಒಂದು ಹಿಡಿಯುವಾಗ ಇನ್ನೊಂದು ಹಿಡಿದದ್ದನ್ನು ಹೊರಗೆ ಬಿಡುತ್ತದೆ. ಕೆಲವು ಸೆಕೆಂಡಿಗೊಮ್ಮೆ ಬುಸ್ ಅನ್ನುವ ಸದ್ದು ಬರುವುದು ಅದಕ್ಕೇ. ಮೊದಲ ರಾತ್ರಿ ಅಮ್ಮ, "ಕೊಟ್ಟಿಗೆಲಿ ಎಮ್ಮೆ ಉಸಿರು ಬಿಟ್ಟಂಗೆ ಮಾಡ್ತದೆ ಕಣವ್ವ ಇದು" ಅಂದರು. ಕೊನೆಗೆ ಪೈಪಿನಿಂದ ಬರುವ ಗಾಳಿಯಲ್ಲಿ ನೂರಕ್ಕೆ 90ರಿಂದ 96ರಷ್ಟು ಆಕ್ಸಿಜನ್ ಇರಬೇಕು. ಈ ಅಂಕಿಯೇ ಮೆಷಿನ್ನಿನ ಜೀವ.

ನಾವು ಶುರು ಮಾಡಿದ್ದು ಬಾಡಿಗೆಯಿಂದ. ಬಾಡಿಗೆ ಅನ್ನುವುದು ಒಳ್ಳೆಯ ಯೋಚನೆ. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಇದು ಎಷ್ಟು ಕಾಲ ಬೇಕು ಅಂತ ಗೊತ್ತಿರುವುದಿಲ್ಲ. ಸೋಂಕಿನ ಹೊತ್ತಿನಲ್ಲಿ ಕುಸಿದ ಆಕ್ಸಿಜನ್ ಎರಡು ಮೂರು ತಿಂಗಳಲ್ಲಿ ತಾನೇ ಸರಿಹೋಗುವುದೂ ಉಂಟು, ಡಾಕ್ಟರು ಮತ್ತೆ ಪರೀಕ್ಷೆ ಮಾಡಿಯೇ ಮುಂದಿನ ಮಾತು ಹೇಳುತ್ತಾರೆ. ಆದರೆ ನಮಗೆ ಬಾಡಿಗೆಗೆ ಕೊಟ್ಟವರ ಸೇವೆ ತೀರಾ ಕೆಟ್ಟದಾಗಿತ್ತು. ತಂದಿಟ್ಟ ಮೆಷಿನ್ ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಮೀಟರ್ ಆಗಲೇ ಹದಿನೆಂಟು ಸಾವಿರ ದಾಟಿತ್ತು. ಎರಡನೇ ವಾರಕ್ಕೆ ಹಳದಿ ದೀಪ ಉರಿಯತೊಡಗಿತು. ಫೋನ್ ಮಾಡಿದರೆ "ಅದೇನೂ ಆಗಲ್ಲ, ಆಫ್ ಮಾಡಿ ಆನ್ ಮಾಡಿ" ಅಂದರು. ಹಳದಿ ದೀಪ ಅಂದರೆ ಆಕ್ಸಿಜನ್ನಿನ ಪ್ರಮಾಣ ಇಳಿದಿದೆ ಅಂತ ಅರ್ಥ. ಬಹಳಷ್ಟು ಮೆಷಿನ್‌ಗಳಲ್ಲಿ 82ರ ಆಸುಪಾಸಿಗೆ ಬಂದಾಗ ಅದು ಹತ್ತಿಕೊಳ್ಳುತ್ತದೆ. ಉಸಿರಿಗಾಗಿ ಒದ್ದಾಡುವವರ ಮನೆಗೆ ಇಂಥ ಮೆಷಿನ್ ಕಳಿಸಿ, ಕೇಳಿದರೆ ಹೀಗೆ ಹೇಳುವುದು ನನಗೆ ಇವತ್ತಿಗೂ ಸಹಿಸಲಾಗದ ವಿಷಯ. ತಮ್ಮ ಅದನ್ನು ವಾಪಸ್ ಕಳಿಸಿ, ತುಮಕೂರಿನ ಇನ್ನೊಂದು ಅಂಗಡಿಯಲ್ಲಿ ಹೊಸದನ್ನೇ ಕೊಂಡ.

ಈ ಎರಡನೇ ಅಂಗಡಿಯವರಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಮೆಷಿನ್ ತಂದ ಹುಡುಗ ಮೊದಲು ಮಾಡಿದ ಕೆಲಸ, ಚೀಲದಿಂದ ಆಕ್ಸಿಜನ್ ಪ್ರಮಾಣ ಅಳೆಯುವ ಅಂಗೈಯಗಲದ ಒಂದು ಮೀಟರ್ ತೆಗೆದು ಪೈಪಿಗೆ ಸಿಕ್ಕಿಸಿದ್ದು. 94 ತೋರಿಸಿತು. "ನೋಡಿ ಮೇಡಂ, ಫೋಟೋ ತೆಗೆದುಕೊಳ್ಳಿ, ಮುಂದಿನ ಸರ್ವೀಸಿಗೆ ಬಂದಾಗ ಹೋಲಿಸೋಣ" ಅಂದ. ಅಮ್ಮನ ಹತ್ತಿರ ಕೂತು ಸ್ವಿಚ್ಚು, ತಿರುಪು, ಆಕ್ಸಿಜನ್ನಿಗೆ ತೇವ ಕೊಡುವ ನೀರಿನ ಬಾಟಲಿ ಎಲ್ಲವನ್ನೂ ಅವರ ಕೈಯಲ್ಲೇ ಮಾಡಿಸಿದ. ಲೋಟದ ನೀರಿನಲ್ಲಿ ಮೂಗಿನ ಪೈಪು ಅದ್ದಿ ಗುಳ್ಳೆ ಬರುತ್ತದೆಯೇ ನೋಡುವುದನ್ನು ಅವನೇ ಕಲಿಸಿದ್ದು. ಗಾಳಿ ಬರುತ್ತಿಲ್ಲ ಅನ್ನಿಸಿದಾಗ ಅಮ್ಮ ಈಗಲೂ ಹಾಗೇ ನೋಡುತ್ತಾರೆ. ಬಹಳ ಸಲ ತೊಂದರೆ ಇರುವುದು ಬಾಟಲಿಯ ಮುಚ್ಚಳ ಸಡಿಲವಾಗಿರುವುದರಲ್ಲಿ, ಇಲ್ಲವೇ ಮಂಚದ ಕಾಲಿನ ಕೆಳಗೆ ಪೈಪು ಸಿಕ್ಕಿರುವುದರಲ್ಲಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವ ಯೋಚನೆ ಇರುವವರಿಗೆ ಒಂದು ಮಾತು. 2021ರ ಕೋವಿಡ್ ಎರಡನೇ ಅಲೆಯಲ್ಲಿ ಗಾಬರಿಯಿಂದ ಕೊಂಡು, ಆಮೇಲೆ ಅಟ್ಟ ಸೇರಿದ ಮೆಷಿನ್‌ಗಳು ಈಗಲೂ ಮಾರಾಟಕ್ಕೆ ಬರುತ್ತವೆ. ಬಳಸದೆ ಇಟ್ಟಿದ್ದು ಹೊಸದರಂತೇ ಇರುತ್ತದೆ ಅಂತ ನಂಬಬೇಡಿ. ಜಿಯೋಲೈಟಿಗೆ ತೇವ ಒಗ್ಗುವುದಿಲ್ಲ. ವರ್ಷಗಟ್ಟಲೆ ಸುಮ್ನೆ ಇಟ್ಟರೆ ಅದು ಗಾಳಿಯ ತೇವ ಹೀರಿ ಹಾಳಾಗುತ್ತದೆ. ಅಳೆಯುವ ಮೀಟರ್ ಇಲ್ಲದೆ ಅಂಥದ್ದನ್ನು ಮುಟ್ಟಲೇಬೇಡಿ.

ಎಷ್ಟು ಲೀಟರಿಗೆ ಇಡಬೇಕು ಅನ್ನುವುದಕ್ಕೆ ಬರುತ್ತೇನೆ. ಅಮ್ಮನಿಗೆ ಬರೆದುಕೊಟ್ಟಿರುವುದು ನಿಮಿಷಕ್ಕೆ ಒಂದೂವರೆ ಲೀಟರ್. ಬೆರಳಿನ ಮೀಟರಿನಲ್ಲಿ 88ರಿಂದ 92ರ ಒಳಗೆ ಇರಲಿ, ಅದಕ್ಕಿಂತ ಏರಿಸಬೇಡಿ ಅಂದಿದ್ದಾರೆ. ನೋಡಲು ಬಂದ ಚಿಕ್ಕಪ್ಪ 90 ನೋಡಿ ಗಾಬರಿಯಾದರು. "ನಂದೇ 98 ಇದೆ, ಅತ್ತಿಗೆಗೆ ಯಾಕೆ ಇಷ್ಟು ಕಮ್ಮಿ ಇಟ್ಟಿದ್ದೀರಿ" ಅಂತ ಯಾರಿಗೂ ಹೇಳದೆ 4ಕ್ಕೆ ತಿರುಗಿಸಿ ಹೋದರು. ಅವರಿಗಿದ್ದದ್ದು ಬರೀ ಕಾಳಜಿ. ರಾತ್ರಿ ಊಟಕ್ಕೆ ಎಬ್ಬಿಸಿದರೆ ಅಮ್ಮ ಮಂಪರಿನಲ್ಲಿದ್ದರು. ಮಾತು ತೊದಲುತ್ತಿತ್ತು. ತಮ್ಮ ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದಷ್ಟಕ್ಕೆ ಇಳಿಸಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋದ. ಸಿಒಪಿಡಿ ಮುಂದುವರಿದ ಕೆಲವರಲ್ಲಿ ಆಕ್ಸಿಜನ್ ಜಾಸ್ತಿಯಾದರೆ ಕಾರ್ಬನ್ ಡೈಆಕ್ಸೈಡ್ ರಕ್ತದಲ್ಲಿ ಏರುತ್ತದೆ. ಮಂಪರು ಅದರ ಗುರುತು, ಪ್ರಾಣಕ್ಕೇ ಅಪಾಯ. ಈಗ ಮೆಷಿನ್ನಿನ ಮೇಲೆ ತಮ್ಮ ಕೆಂಪು ಇಂಕಿನಲ್ಲಿ ಬರೆದು ಅಂಟಿಸಿದ್ದಾನೆ: "1.5 ಮಾತ್ರ. ಯಾರೂ ಮುಟ್ಟಬೇಡಿ." ಮನೆಗೆ ಬರುವ ನೆಂಟರಿಗೆ ಕಾಫಿಗಿಂತ ಮೊದಲು ಅದನ್ನು ತೋರಿಸುತ್ತೇವೆ. ಬೆರಳಿನ ಮೀಟರಿನ ಬಗ್ಗೆ ಇನ್ನೊಂದು: ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅದು ತಪ್ಪು ತೋರಿಸುತ್ತದೆ. ಕೈ ಉಜ್ಜಿ ಬಿಸಿ ಮಾಡಿ, ಅಂಕಿ ನಿಲ್ಲುವವರೆಗೆ ಕಾದು ನೋಡಿ.

ಹಳ್ಳಿಯವರಿಗೆ ನಿಜವಾದ ತಲೆನೋವು ಕರೆಂಟು. ಮೆಷಿನ್ ಸುಮಾರು 350 ವ್ಯಾಟ್ ತಿನ್ನುತ್ತದೆ. ಸಂಜೆ ಹೊತ್ತು ನಮ್ಮಲ್ಲಿ ವೋಲ್ಟೇಜ್ 180ಕ್ಕೆ ಇಳಿಯುತ್ತದೆ, ಆಗ ಕಂಪ್ರೆಸರ್ ಮುಲುಗುತ್ತದೆ. ಸ್ಟೆಬಿಲೈಜರ್ ಇಲ್ಲದೆ ಹಾಕಲೇಬೇಡಿ. ಯುಪಿಎಸ್ ಇದ್ದರೆ ಸೈನ್ ವೇವ್‌ನದ್ದೇ ಆಗಬೇಕು, ಅಗ್ಗದ ಸ್ಕ್ವೇರ್ ವೇವ್‌ನದ್ದು ಈ ಮೋಟರಿಗೆ ಒಗ್ಗುವುದಿಲ್ಲ. 150 ಎಎಚ್ ಬ್ಯಾಟರಿ ಒಂದಿದ್ದರೆ, ಬೇರೆ ಏನೂ ಹಾಕದೆ ಇದೊಂದನ್ನೇ ಓಡಿಸಿದರೆ ಮೂರೂವರೆ ನಾಲ್ಕು ಗಂಟೆ ಬರುತ್ತದೆ. ಫ್ಯಾನು, ಟಿವಿ ಸೇರಿದರೆ ಆ ಲೆಕ್ಕ ಬಿಡಿ. ಮಳೆಗಾಲದಲ್ಲಿ ತೆಂಗಿನ ಗರಿ ತಂತಿ ಮೇಲೆ ಬಿದ್ದರೆ ಇಡೀ ದಿನ ಕರೆಂಟು ಇರುವುದಿಲ್ಲ. ಅದಕ್ಕಾಗಿ ಬಿ ಟೈಪ್ ಆಕ್ಸಿಜನ್ ಸಿಲಿಂಡರ್ ಒಂದನ್ನು ತುಂಬಿಸಿ ಇಟ್ಟಿದ್ದೇವೆ. ಅದರಲ್ಲಿ ಸುಮಾರು 1500 ಲೀಟರ್ ಹಿಡಿಯುತ್ತದೆ. ನಿಮಿಷಕ್ಕೆ ಒಂದೂವರೆ ಲೀಟರಿನಂತೆ 16 ಗಂಟೆ. ಗೋಡೆಗೆ ಸರಪಳಿ ಹಾಕಿ ನೆಟ್ಟಗೆ ನಿಲ್ಲಿಸಿ, ಮೀಟರ್ ಮುಳ್ಳನ್ನು ವಾರಕ್ಕೊಮ್ಮೆ ನೋಡಿ. ಅವಸರದ ಹೊತ್ತಿನಲ್ಲಿ ಖಾಲಿ ಸಿಲಿಂಡರ್ ಕಂಡರೆ ಎದೆ ಒಡೆದುಹೋಗುತ್ತದೆ.

ಬಿಲ್ಲಿನ ಮಾತು ಅಂಗಡಿಯವರು ಎತ್ತುವುದೇ ಇಲ್ಲ. ದಿನಕ್ಕೆ 16 ಗಂಟೆ ಓಡಿದರೆ ಐದೂವರೆ ಯೂನಿಟ್. ತಿಂಗಳಿಗೆ 165ರ ಮೇಲೆ, ಇದೊಂದೇ. ನಮ್ಮ ಮನೆ ಗೃಹಜ್ಯೋತಿಯಲ್ಲಿತ್ತು, ಬಿಲ್ ಸೊನ್ನೆ ಬರುತ್ತಿತ್ತು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಅದೇ ಈಗ ಆಗಿರುವುದು. ತಮ್ಮನಿಗೆ ಇದು ಪ್ರತಿ ತಿಂಗಳ ಹೊರೆ. ಡಾಕ್ಟರ ಚೀಟಿಯ ಮೇಲೆ ಮನೆಯಲ್ಲಿ ಇಂಥ ಮೆಷಿನ್ ನಡೆಸುವವರಿಗೆ ಸರ್ಕಾರ ಆ 200ರ ಗೆರೆಯನ್ನು ಸಡಿಲ ಮಾಡಬೇಕು. ಇದು ಯಾರೂ ಶೋಕಿಗೆ ಉರಿಸುವ ಕರೆಂಟಲ್ಲ.

ದಿನದ ಬಾಳು ಹೇಗಿದೆ ಅಂದರೆ, ಮೆಷಿನ್ ಸುಮಾರು 15 ಕಿಲೋ ಭಾರ, ಕೆಳಗೆ ಗಾಲಿ ಇದೆ. ಸದ್ದಿಗೆ ಅಮ್ಮ ಒಗ್ಗಿಕೊಂಡರು, ಪಕ್ಕದಲ್ಲಿ ಮಲಗುವ ಮೊಮ್ಮಗಳು ಒಗ್ಗಲಿಲ್ಲ. ಹಾಗಾಗಿ ಮೆಷಿನ್ ನಡುಮನೆಯಲ್ಲಿ, ಉದ್ದದ ಪೈಪು ಕೋಣೆಯವರೆಗೆ. ಗೋಡೆಯಿಂದ ಒಂದು ಅಡಿ ದೂರ ಇಡಿ, ಮೇಲೆ ಬಟ್ಟೆ ಮುಚ್ಚಬೇಡಿ, ಅದು ಬಿಸಿ ಉಗುಳುತ್ತದೆ. ಬೇಸಿಗೆಯಲ್ಲಿ ಮುಚ್ಚಿದ ಕೋಣೆ ಸೆಕೆಯಾಗುತ್ತದೆ. ಹಿಂದಿನ ಸ್ಪಂಜಿನ ಫಿಲ್ಟರನ್ನು ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕುತ್ತೇವೆ. ಕೊಬ್ಬರಿ ಸುಲಿಯುವ ದಿನಗಳಲ್ಲಿ ಅದರ ಮೇಲೆ ಕೂರುವ ದೂಳು ನೋಡಿದರೆ ವಾರಕ್ಕೆರಡು ಸಲ ಬೇಕು ಅನ್ನಿಸುತ್ತದೆ. ನೀರಿನ ಬಾಟಲಿಗೆ ಡಿಸ್ಟಿಲ್ಡ್ ವಾಟರ್ ಒಳ್ಳೆಯದು, ಸಿಗದಿದ್ದರೆ ಕುದಿಸಿ ಆರಿಸಿದ ನೀರು. ನಮ್ಮ ಬೋರ್‌ವೆಲ್ ನೀರನ್ನು ಹಾಗೇ ಹಾಕಿದರೆ ಬಿಳಿ ಉಪ್ಪು ಕಟ್ಟುತ್ತದೆ. ದಿನಾ ಚೆಲ್ಲಿ ಹೊಸದು ಹಾಕಿ, ಇಲ್ಲದಿದ್ದರೆ ಕ್ರಿಮಿ ಬೆಳೆಯುತ್ತದೆ. ಕಮ್ಮಿ ಲೀಟರಿನಲ್ಲಿ ಈ ಬಾಟಲಿ ಕಡ್ಡಾಯವಲ್ಲ ಅಂತ ಡಾಕ್ಟರು ಹೇಳಿದ್ದರು, ಅಮ್ಮನಿಗೆ ಮೂಗು ಒಣಗುತ್ತದೆ ಅಂತ ಇಟ್ಟುಕೊಂಡಿದ್ದೇವೆ.

ಮೂಗು ಒಣಗಿದರೆ ನಮ್ಮ ಕಡೆ ಮೊದಲು ಕೈ ಹೋಗುವುದು ಕೊಬ್ಬರಿ ಎಣ್ಣೆಗೆ. ಆಕ್ಸಿಜನ್ ಪೈಪಿನ ಜೊತೆ ಎಣ್ಣೆ, ವ್ಯಾಸಲಿನ್, ತುಪ್ಪ ಯಾವುದೂ ಬೇಡ. ಎಣ್ಣೆ ಜಿಡ್ಡಿಗೂ ಆಕ್ಸಿಜನ್ನಿಗೂ ಬೆಂಕಿಯ ನಂಟಿದೆ. ಉಪ್ಪುನೀರಿನ ಮೂಗಿನ ಹನಿ, ಇಲ್ಲವೇ ನೀರಿನಲ್ಲಿ ಮಾಡಿದ ಜೆಲ್ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ಬೆಂಕಿಯ ವಿಷಯದಲ್ಲಿ ಮನೆಯಲ್ಲಿ ಎಷ್ಟು ಕಟ್ಟುನಿಟ್ಟು ಮಾಡಿದರೂ ಸಾಲದು. ಆಕ್ಸಿಜನ್ ತಾನು ಉರಿಯುವುದಿಲ್ಲ, ಆದರೆ ಹತ್ತಿಕೊಂಡದ್ದನ್ನು ಭಗ್ಗನೆ ಉರಿಸುತ್ತದೆ. ಸೀರೆ, ಹೊದಿಕೆಯಲ್ಲೂ ಅದು ತುಂಬಿಕೊಂಡಿರುತ್ತದೆ. ಊದಿನಕಡ್ಡಿ, ದೀಪ, ಸೊಳ್ಳೆ ಬತ್ತಿ, ಗ್ಯಾಸ್ ಒಲೆ ಇವೆಲ್ಲ ಕನಿಷ್ಠ ಹತ್ತು ಅಡಿ ದೂರ. ಬೀಡಿ ಸೇದುವವರಿಗೆ ಒಳಗೆ ಪ್ರವೇಶವೇ ಇಲ್ಲ. ಅಮ್ಮನಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಪೈಪು ಹಾಕಿಕೊಂಡು ಒಲೆಯ ಹತ್ತಿರ ಹೋಗುವಂತಿಲ್ಲ. ಆ ಒಲೆಯ ಹೊಗೆಯಿಂದಲೇ ಶ್ವಾಸಕೋಶ ಕಳೆದುಕೊಂಡವರು, ಈಗ ದೂರ ಕೂತು ಸೊಸೆಗೆ "ಒಗ್ಗರಣೆ ಸೀದೀತು" ಅಂತ ಕೂಗುತ್ತಾರೆ. ದೇವರ ದೀಪ ಹಚ್ಚುವ ಹೊತ್ತಿಗೆ ಡಾಕ್ಟರನ್ನು ಕೇಳಿಯೇ ಸ್ವಲ್ಪ ಹೊತ್ತು ಪೈಪು ತೆಗೆದು, ಮೆಷಿನ್ ಆಫ್ ಮಾಡಿ, ಸೀರೆ ಬದಲಿಸಿ ಹೋಗುತ್ತಾರೆ. ಆ ಹತ್ತು ನಿಮಿಷವನ್ನು ನಾವು ಅವರಿಂದ ಕಿತ್ತುಕೊಂಡಿಲ್ಲ.

ಪ್ರಯೋಜನ ಏನಾಯಿತು ಅಂತ ಕೇಳುವವರಿಗೆ: ತುಟಿಯ ನೀಲಿ ಹೋಯಿತು. ಕಾಲಿನ ಬಾವು ಇಳಿಯಿತು. ಆಕ್ಸಿಜನ್ ಕಮ್ಮಿ ಇದ್ದಾಗ ಹೃದಯದ ಬಲಭಾಗಕ್ಕೆ ಹೊರೆ ಬೀಳುತ್ತದಂತೆ, ಬಾವು ಅದರಿಂದ ಬಂದಿತ್ತು. ಅದಕ್ಕೆ ಮಾತ್ರೆಯೂ ಇದೆ. ಪಂಚಾಂಗ ನೋಡಿ ಹಬ್ಬದ ದಿನ ಹೇಳುವಷ್ಟು ತಲೆ ಚುರುಕಾಗಿದೆ. ಏದುಸಿರು ಮಾತ್ರ ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಹಾಳಾದ ಶ್ವಾಸಕೋಶವನ್ನು ಈ ಮೆಷಿನ್ ರಿಪೇರಿ ಮಾಡುವುದಿಲ್ಲ. ಇನ್ಹೇಲರ್ ಬಿಡುವಂತಿಲ್ಲ. ಸ್ಪೇಸರ್ (ಇನ್ಹೇಲರಿಗೆ ಸಿಕ್ಕಿಸುವ ಕೊಳವೆ) ಹಾಕಿಯೇ ಎಳೆಯಬೇಕು, ಸ್ಟೀರಾಯ್ಡ್ ಇರುವ ಇನ್ಹೇಲರ್ ಆದರೆ ಬಾಯಿ ಮುಕ್ಕಳಿಸಬೇಕು. ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ ಡಾಕ್ಟರು ಹೇಳಿದಂತೆ. ಮೆಷಿನ್ ಬಂತು ಅಂತ ಇವನ್ನೆಲ್ಲ ಬಿಟ್ಟವರ ಕಥೆ ಆಸ್ಪತ್ರೆಯ ಬೆಂಚಿನ ಮೇಲೆ ಬೇಕಾದಷ್ಟು ಕೇಳಿದ್ದೇನೆ.

ಹೊರಗೆ ಹೋಗುವುದು ಇನ್ನೂ ತೊಡಕು. ಮದುವೆ ಮುಂಜಿಗೆ ಸಣ್ಣ ಸಿಲಿಂಡರ್ ಕಾರಿನಲ್ಲಿಟ್ಟುಕೊಂಡು ಹೋಗುತ್ತೇವೆ. ಹೆಗಲಿಗೆ ಹಾಕುವ ಬ್ಯಾಟರಿ ಮೆಷಿನ್ ಇದೆ, ಬೆಲೆ ಲಕ್ಷದ ಮೇಲೆ. ಅದು ನಮ್ಮ ಕೈಗೆಟುಕುವುದಿಲ್ಲ.

ಕೊಳ್ಳುವ ಮೊದಲು ಅಂಗಡಿಗೆ ಫೋನ್ ಮಾಡಿ ಇಷ್ಟು ಕೇಳಿ. ನಮ್ಮ ಊರಿಗೆ ಸರ್ವೀಸಿಗೆ ಬರುತ್ತೀರಾ, ಬರಲು ಎಷ್ಟು ದಿನ? ಆಕ್ಸಿಜನ್ ಪ್ರಮಾಣ ನಮ್ಮ ಎದುರಿಗೇ ಅಳೆದು ತೋರಿಸುತ್ತೀರಾ? ವಾರಂಟಿ ಎಷ್ಟು ವರ್ಷ, ಎಷ್ಟು ಗಂಟೆ? ರಿಪೇರಿಗೆ ಒಯ್ದರೆ ಅಲ್ಲಿಯವರೆಗೆ ಬೇರೆ ಮೆಷಿನ್ ಕೊಡುತ್ತೀರಾ? ನಮಗೆ ಕೊಟ್ಟವರು ಕೊನೆಯ ಪ್ರಶ್ನೆಗೆ "ಅದೇ ದಿನ ಕೊಡುತ್ತೇವೆ" ಅಂದಿದ್ದರು. ಹೋದ ಮಳೆಗಾಲದಲ್ಲಿ ಸಿಡಿಲಿಗೆ ಬೋರ್ಡ್ ಸುಟ್ಟಾಗ ರಾತ್ರಿ ಒಂಬತ್ತಕ್ಕೆ ತಂದುಕೊಟ್ಟರು. ಬೆಳಗ್ಗೆಯೇ ಹೇಳಿದ್ದೆವು, ಮಧ್ಯಾಹ್ನಕ್ಕೆ ಬಂದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಆದರೆ ಬಂದರು. ಸಿಲಿಂಡರಿನಲ್ಲಿ ಆಗ ಇನ್ನೂ ಕಾಲು ಭಾಗ ಉಳಿದಿತ್ತು.